ಮೀಟಿಂಗಿನಲ್ಲಿ ನಾನು ಬಾಯಿ ತೆರೆದ ಕೂಡಲೇ ಎಲ್ಲರೂ ಮಲಯಾಳಕ್ಕೆ ಹೊರಳುತ್ತಾರೆ. ನನ್ನ ವಿರುದ್ಧ ಗುಂಪು ಕಟ್ಟಿದ್ದಾರಾ? ಮೇಲಿನವರಿಗೆ ದೂರು ಕೊಡಲಾ?

ದೂರು ಕೊಡಬೇಡಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ಖರೀದಿಯ ಕೆಲಸದಲ್ಲಿದ್ದಾಗ ನನಗೂ ಇದೇ ಸಂಶಯ ಇತ್ತು.

ರೈತರ ಎದುರೇ ಪಟೋರ, ಕರಿಗೋಟಿನಂಥ ಕಡಿಮೆ ದರ್ಜೆಯ ಅಡಿಕೆ ಆರಿಸಿ ಆಮೇಲೆ ತೂಕ ಮಾಡೋಣ ಅಂತ ಒಂದು ಮೀಟಿಂಗಿನಲ್ಲಿ ಹೇಳಿದೆ. ಎಲ್ಲರೂ ಸುಮ್ಮನಾದರು. ಮತ್ತೆ ಅವರವರಲ್ಲೇ ಮಲಯಾಳದಲ್ಲಿ ಮಾತು ಶುರುವಾಯಿತು. ನನಗೆ ಮಲಯಾಳ ಚೆನ್ನಾಗಿ ಬರುತ್ತದೆ. ಆದರೂ ಕೇಳಿಸಿಕೊಳ್ಳಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವು ನಮ್ಮ ಮನೆಯಲ್ಲಿ ಈಗಲೂ ಮಾತಿಗೆ ಬರುತ್ತದೆ. ಅದನ್ನು ಮೀಟಿಂಗಿಗೂ ಹೊತ್ತುಕೊಂಡು ಹೋಗಿದ್ದೆ. ಭಾಷೆ ಬದಲಾಯಿತು, ನನ್ನನ್ನು ಹೊರಗಿಟ್ಟರು ಅಂತ ತೀರ್ಮಾನ ಮಾಡಿಬಿಟ್ಟೆ. ಅವರು ಕೇಳುತ್ತಿದ್ದದ್ದು ಬೇರೆಯೇ: ಸಂಜೆಯ ಲಾರಿಗೆ ಲೋಡ್ ಹೇಗೆ ತಯಾರಾಗುತ್ತದೆ? ಆರಿಸುವವರು ಜಾಸ್ತಿ ಹೊತ್ತು ನಿಂತರೆ ಕೂಲಿ ಯಾರು ಕೊಡುತ್ತಾರೆ? ನ್ಯಾಯವಾದ ಪ್ರಶ್ನೆಗಳು, ಅಲ್ವಾ? ನಾನು ಉತ್ತರ ಕೊಡದೆ ಮುಖ ಊದಿಸಿಕೊಂಡು ಕೂತೆ. ಚಾ ಕುಡಿಯುವಾಗ ತುಳುವಿನಲ್ಲಿ ಸಮಾಧಾನ ಹೇಳಿದವರನ್ನೆಲ್ಲ ನನ್ನ ಕಡೆಯವರು ಅಂತ ಲೆಕ್ಕ ಹಾಕಿದೆ. ಆ ಧೈರ್ಯದಲ್ಲೇ ಹೊಸ ಕ್ರಮ ಶುರು ಮಾಡಿಸಿದೆ. ಗೋದಾಮಿನಲ್ಲಿ ಗೋಣಿ ರಾಶಿ ಬಿತ್ತು, ಲಾರಿ ಖಾಲಿ ನಿಂತಿತು. ಚಾ ಹೊತ್ತಿನವರು ಒಬ್ಬರೂ ಬಾಯಿ ಬಿಡಲಿಲ್ಲ. ಖರೀದಿಯ ಜವಾಬ್ದಾರಿ ನನ್ನ ಕೈತಪ್ಪಿತು.

ಅಲ್ಲಿ ನಿಜವಾದ ಮಾತು ನಡೆಯುತ್ತಿದ್ದದ್ದು ಕಣ್ಣಲ್ಲಿ. ಏನಾದರೂ ಹೇಳುವ ಮೊದಲು ಎಲ್ಲರೂ ಗೋದಾಮಿನ ಹಿರಿಯ ಮೇಸ್ತ್ರಿಯ ಮುಖ ನೋಡುತ್ತಿದ್ದರು. ಅವರು ಮಾತಾಡುವುದೇ ಕಡಿಮೆ. ಅವರು ತಲೆ ತಗ್ಗಿಸಿದರೆ ವಿಷಯ ಅಲ್ಲಿಗೆ ಮುಗಿಯಿತು.

ಹಾಗಾಗಿ ಭಾಷೆಯನ್ನು ಹಿಡಿದುಕೊಂಡು ಕೂರಬೇಡಿ. ನಮ್ಮೂರಲ್ಲಿ ಒಂದೇ ಮಾತಿನೊಳಗೆ ಮೂರು ಭಾಷೆ ಬರುತ್ತದೆ, ಯಾವುದು ಸಲೀಸೋ ಅದಕ್ಕೆ ಜನ ಹೋಗುತ್ತಾರೆ. ಯಾರು ಯಾರ ಮುಖ ನೋಡುತ್ತಾರೆ, ಯಾರು ಮಾತಾಡಿದ ಮೇಲೆ ಚರ್ಚೆ ನಿಲ್ಲುತ್ತದೆ ಅಂತ ನೋಡಿ. ಮೀಟಿಂಗಿಗೆ ಮೊದಲೇ ಅವರ ಹತ್ತಿರ ಹೋಗಿ ತೊಂದರೆ ಏನು ಅಂತ ಕೇಳಿ. ಒಬ್ಬರಾದರೂ ಬಾಯಿ ಬಿಟ್ಟು ನಿಮ್ಮ ಜೊತೆ ನಿಲ್ಲುವುದು ಬಹಳ ಮುಖ್ಯ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸೊಲೊಮನ್ ಆಶ್ ಮಾಡಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದ ಹೋಲಿಸುವಂಥ ಸುಲಭ ಪ್ರಶ್ನೆಗೂ ಎಷ್ಟೋ ಜನ ಗುಂಪಿನ ಜೊತೆ ತಪ್ಪು ಉತ್ತರ ಹೇಳಿದ್ದರು. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದಾಗ ಹಾಗೆ ಬಗ್ಗುವುದು ತುಂಬಾ ಕಡಿಮೆಯಾಗಿತ್ತು.

ನಾಳೆ ಅವರು ಮಲಯಾಳಕ್ಕೆ ಹೊರಳಿದರೆ ನೀವೂ ಹೊರಳಿ. ತಪ್ಪುತಪ್ಪಾಗಿ ಬಂದರೂ ಪರವಾಗಿಲ್ಲ, ಅವರ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಿ.