ಓದುಗರ ಪ್ರಶ್ನೆ: ‘ಕಾಸಾಬ್ಲಾಂಕಾ’ ಇನ್ನೂ ಯಾಕೆ ಕಾಡುತ್ತದೆ?

ಪ್ರಶ್ನೆ: ನಿಮ್ಮ ಅಂಕಣದಲ್ಲಿ ‘ಕಾಸಾಬ್ಲಾಂಕಾ’ ಹೆಸರು ಓದಿ ಹುಡುಕಿ ನೋಡಿದೆ. ಚೆನ್ನಾಗಿದೆ. ಆದರೆ 1942ರ ಕಪ್ಪು-ಬಿಳುಪು ಸಿನಿಮಾ ಅದು. ಕಥೆಯೂ ಅಷ್ಟೇ: ಹಳೇ ಪ್ರೇಮಿಗಳು ಮತ್ತೆ ಸಿಗುತ್ತಾರೆ, ಮತ್ತೆ ಅಗಲುತ್ತಾರೆ. ಇದನ್ನು ಜನ ಇನ್ನೂ ಯಾಕೆ ತಲೆ ಮೇಲೆ ಹೊತ್ತುಕೊಂಡಿದ್ದಾರೆ? (ಇಪ್ಪತ್ಮೂರರ ಓದುಗ)

ಉತ್ತರ: ನಿಮ್ಮ ವಯಸ್ಸಿನಲ್ಲಿ ನಾನೂ ಅದನ್ನು ಪ್ರೇಮಕಥೆ ಅಂತಲೇ ನೋಡಿದ್ದೆ. ಫಿಲ್ಮ್ ಸೊಸೈಟಿಯಲ್ಲಿ, ಗೋಡೆಗೆ ಕಟ್ಟಿದ ಬಿಳಿ ಪರದೆಯ ಮೇಲೆ. ರೀಲು ಬದಲಿಸುವಾಗೆಲ್ಲ ದೀಪ ಹಾಕುತ್ತಿದ್ದರು, ನಾನು ಗಡಿಬಿಡಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಇಂಗ್ರಿಡ್ ಬರ್ಗ್‌ಮನ್ ಮುಖ ಬಿಟ್ಟು ಬೇರೇನೂ ಅವತ್ತು ನನಗೆ ಕಂಡಿರಲಿಲ್ಲ. ಆಮೇಲೆ ಎಂಟು-ಹತ್ತು ಸಲ ನೋಡಿದ್ದೇನೆ. ಈಗ ನನ್ನ ಕಣ್ಣು ಹೋಗುವುದು ಹಿಂದಿನ ಮೇಜುಗಳಲ್ಲಿ ಕೂತವರ ಕಡೆಗೆ.

ಸಿನಿಮಾ ನೋಡದವರಿಗಾಗಿ ಎರಡು ಮಾತು. 1941ರ ಡಿಸೆಂಬರ್. ಫ್ರಾನ್ಸ್ ಹಿಟ್ಲರನಿಗೆ ಸೋತಿದೆ. ಯೂರೋಪಿನಿಂದ ತಪ್ಪಿಸಿಕೊಂಡವರು ಮಾರ್ಸೇ, ಒರಾನ್ ದಾಟಿ ಮೊರಾಕ್ಕೋದ ಕಾಸಾಬ್ಲಾಂಕಾ ಸೇರುತ್ತಾರೆ. ಅಲ್ಲಿಂದ ಲಿಸ್ಬನ್, ಲಿಸ್ಬನ್‌ನಿಂದ ಅಮೆರಿಕ. ಕಾಗದಪತ್ರ ಇಲ್ಲದವರು ಕಾಯಬೇಕು. ಅವರೆಲ್ಲ ಸಂಜೆ ಬಂದು ಕೂರುವುದು ಅಮೆರಿಕದವನಾದ ರಿಕ್ ನಡೆಸುವ ಕೆಫೆಯಲ್ಲಿ. ರಿಕ್ ಪಾತ್ರ ಹಂಫ್ರಿ ಬೋಗಾರ್ಟ್‌ರದ್ದು. ಒಂದು ರಾತ್ರಿ ಅಲ್ಲಿಗೆ ಇಲ್ಸಾ (ಇಂಗ್ರಿಡ್ ಬರ್ಗ್‌ಮನ್) ಬರುತ್ತಾಳೆ. ಪ್ಯಾರಿಸ್‌ನ ರೈಲು ನಿಲ್ದಾಣದಲ್ಲಿ ಅವನನ್ನು ಕಾಯಿಸಿ ಬಾರದೇ ಹೋದವಳು. ಜೊತೆಗೆ ಅವಳ ಗಂಡ ವಿಕ್ಟರ್ ಲಾಸ್ಲೋ, ನಾಜಿಗಳಿಗೆ ಬೇಕಾದ ಹೋರಾಟಗಾರ. ಅವರು ಪಾರಾಗಲು ಬೇಕಾದ ಪತ್ರಗಳು ಇರುವುದು ರಿಕ್ ಕೈಯಲ್ಲಿ.

ಈಗ ಆ ಹಾಡಿನ ದೃಶ್ಯ ನೆನಪಿಸಿಕೊಳ್ಳಿ. ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ತಮ್ಮ ದೇಶದ ಹಾಡನ್ನು ಗಟ್ಟಿಯಾಗಿ ಹಾಡುತ್ತಿದ್ದಾರೆ. ಉಳಿದವರು ನುಂಗಿಕೊಂಡು ಕೂತಿದ್ದಾರೆ. ಲಾಸ್ಲೋ ಸೀದಾ ವಾದ್ಯದವರ ಹತ್ತಿರ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಅವರು ಮಾಲೀಕನ ಮುಖ ನೋಡುತ್ತಾರೆ. ರಿಕ್ ಒಂದೇ ಒಂದು ಸಲ ತಲೆ ಆಡಿಸುತ್ತಾನೆ. ಯಾರ ಗೊಡವೆಯೂ ನನಗೆ ಬೇಡ ಅಂತ ಅಲ್ಲಿಯವರೆಗೆ ಹೇಳಿಕೊಂಡು ಬಂದವನು ಅವನು. ನೀವು ಆಚೀಚೆ ನೋಡಿದರೆ ಅದು ತಪ್ಪಿಹೋಗುತ್ತದೆ, ಅಷ್ಟು ಚಿಕ್ಕದು. ಕೊನೆಯಲ್ಲಿ ಅವನು ಇಲ್ಸಾಳನ್ನು ಗಂಡನ ಜೊತೆ ವಿಮಾನ ಹತ್ತಿಸುತ್ತಾನಲ್ಲ, ಆ ನಿರ್ಧಾರ ಹುಟ್ಟಿದ್ದೇ ಇಲ್ಲಿ ಅಂತ ನನಗನಿಸುತ್ತದೆ.

ಆಮೇಲೆ ಇಡೀ ಕೆಫೆ ಎದ್ದು ನಿಂತು ಹಾಡುತ್ತದೆ. ಅವರ ನಡುವೆ ಇವಾನ್ ಅನ್ನುವ ಹುಡುಗಿ. ಅದೇ ರಾತ್ರಿ ಜರ್ಮನ್ ಸೈನಿಕನ ತೋಳು ಹಿಡಿದು ಒಳಗೆ ಬಂದಿದ್ದವಳು. ಈಗ ಅವಳ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿದೆ, ಆದರೂ ಹಾಡು ನಿಲ್ಲಿಸುವುದಿಲ್ಲ. ಆ ಪಾತ್ರ ಮಾಡಿದವರು ಮ್ಯಾಡ್ಲೀನ್ ಲಬೋ. ಆಗ ಇಪ್ಪತ್ತೂ ತುಂಬಿರಲಿಲ್ಲ. 1940ರಲ್ಲಿ ಜರ್ಮನ್ ಸೇನೆ ಬಂದಾಗ ಯಹೂದಿ ಗಂಡ ಮಾರ್ಸೆಲ್ ದಾಲಿಯೋ ಜೊತೆ ಫ್ರಾನ್ಸ್ ಬಿಟ್ಟು, ಲಿಸ್ಬನ್ ದಾರಿಯಲ್ಲೇ ಅಮೆರಿಕ ಸೇರಿದವರು. ಗಂಡನೂ ಇದೇ ಸಿನಿಮಾದಲ್ಲಿದ್ದಾರೆ, ಜೂಜಿನ ಮೇಜು ನೋಡಿಕೊಳ್ಳುವವನಾಗಿ. ಹಿಂದೆ ನಿಂತ ಎಷ್ಟೋ ಮುಖಗಳ ಕಥೆಯೂ ಹೀಗೇ. ನಾಜಿ ಮೇಜರ್ ಆಗಿ ಮೈ ನಡುಗಿಸುವ ಕಾನ್ರಾಡ್ ಫೈಟ್ ಕೂಡ ಯಹೂದಿ ಹೆಂಡತಿಯನ್ನು ಕರೆದುಕೊಂಡು 1933ರಲ್ಲಿ ಜರ್ಮನಿ ಬಿಟ್ಟವರು. ಇದು ಗೊತ್ತಾದ ಮೇಲೆ ಆ ದೃಶ್ಯವನ್ನು ಬರೀ ನಟನೆ ಅಂತ ನೋಡಲು ನನ್ನಿಂದ ಆಗಿಲ್ಲ.

ಇನ್ನೊಂದು ವಿಷಯ. ಚಿತ್ರೀಕರಣ ನಡೆದದ್ದು 1942ರ ಮೇ ಕೊನೆಯಿಂದ ಆಗಸ್ಟ್ ಶುರುವಿನವರೆಗೆ. ಯುದ್ಧ ಯಾರು ಗೆಲ್ಲುತ್ತಾರೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಬಂದ ಯುದ್ಧದ ಸಿನಿಮಾಗಳಿಗೆಲ್ಲ ಕೊನೆ ಗೊತ್ತು. ಇದಕ್ಕೆ ಗೊತ್ತಿಲ್ಲ. ರಿಕ್‌ನನ್ನು ಮೊದಲು ತೋರಿಸುವಾಗ ಅವನ ಕೈ ಮಾತ್ರ ಕಾಣುತ್ತದೆ, ಒಂದು ಚೀಟಿಗೆ ಸಹಿ ಹಾಕುತ್ತಿರುತ್ತದೆ. ಚೀಟಿಯ ಮೇಲಿನ ತಾರೀಖು 1941ರ ಡಿಸೆಂಬರ್ 2. ಐದು ದಿನ ಕಳೆದರೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ, ಅಮೆರಿಕವೂ ಯುದ್ಧಕ್ಕೆ. ಯುದ್ಧ ನನ್ನದಲ್ಲ ಅಂದುಕೊಂಡು ಕೂತ ಅಮೆರಿಕದವನ ಕೈಯಲ್ಲಿ ಆ ತಾರೀಖು! ಮುಂದೇನು ಅಂತ ತಿಳಿಯದ ಜನ ಹೇಗೆ ಪ್ರೀತಿಸುತ್ತಾರೆ, ಹೇಗೆ ಹೆದರುತ್ತಾರೆ ಅನ್ನುವುದು ಈ ಸಿನಿಮಾದ ಉಸಿರಿನಲ್ಲೇ ಇದೆ. ಅದಕ್ಕೇ ಹಳತಾಗಿಲ್ಲ.

ಪ್ರಶ್ನೆ: ಇದನ್ನು ಬಣ್ಣದಲ್ಲಿ ನೋಡಿದರೆ ಇನ್ನೂ ಚೆನ್ನಾಗಿರುತ್ತಿರಲಿಲ್ಲವೇ?

ಉತ್ತರ: 1988ರಲ್ಲಿ ಬಣ್ಣ ತುಂಬಿ ಟಿವಿಯಲ್ಲಿ ಹಾಕಿದ್ದರು. ನನಗೆ ಬೇಡ. ರೈಲು ನಿಲ್ದಾಣದಲ್ಲಿ ರಿಕ್ ಕೈಗೆ ಇಲ್ಸಾಳ ಚೀಟಿ ಸಿಗುವುದನ್ನು ನೋಡಿ. ಜೋರು ಮಳೆ. ಅವನು ಓದುತ್ತಿರುವಂತೆಯೇ ಹನಿ ಬಿದ್ದು ಶಾಯಿ ಕರಗಿ ಕಾಗದದ ಮೇಲೆ ಹರಿಯುತ್ತದೆ. ಅಕ್ಷರವೇ ಅತ್ತ ಹಾಗೆ. ಬಿಳಿ ಕಾಗದ, ಕಪ್ಪು ಶಾಯಿ, ಅಲ್ಲಿಗೆ ಇನ್ಯಾವ ಬಣ್ಣ ಬೇಕು? ಬರ್ಗ್‌ಮನ್ ಕಣ್ಣಲ್ಲಿ ಸಣ್ಣ ಹೊಳಪು ಬರುವ ಹಾಗೆ ಛಾಯಾಗ್ರಾಹಕ ಆರ್ಥರ್ ಎಡಿಸನ್ ಬೆಳಕಿಟ್ಟಿದ್ದಾರೆ. ಬಣ್ಣ ಹಾಕಿದರೆ ಆ ಹೊಳಪೇ ಮೊದಲು ಹೋಗುತ್ತದೆ.

ಪ್ರಶ್ನೆ: ನಿಜ ಹೇಳಿ, ಇಲ್ಸಾ ಪ್ರೀತಿಸಿದ್ದು ಯಾರನ್ನು?

ಉತ್ತರ: ಬರ್ಗ್‌ಮನ್ ಅವರೇ ಈ ಪ್ರಶ್ನೆ ಕೇಳಿದ್ದರು. ಇನ್ನೂ ಗೊತ್ತಿಲ್ಲ, ಸದ್ಯಕ್ಕೆ ಇಬ್ಬರ ನಡುವೆ ಇರುವ ಹಾಗೆ ಮಾಡಿ ಅಂತ ಉತ್ತರ ಬಂತಂತೆ. ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ತೊಳಲಾಟ ಮುಖದಲ್ಲಿ ಹಾಗೇ ಉಳಿದಿದೆ.

ಒಮ್ಮೆ ಅಮ್ಮನ ಜೊತೆ ನೋಡಿದೆ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ಅರ್ಥ ಹೇಳಲು ಹೋದರೆ ಸುಮ್ನಿರು ಅಂದರು. ವಿಮಾನ ಹೊರಟ ಮೇಲೆ, “ಇಬ್ಬರೂ ಒಳ್ಳೆಯವರೇ ಕಣೇ, ಅವಳಿಗೆ ಕಷ್ಟ ಆಗಿದ್ದು ಅದಕ್ಕೇ” ಅಂದರು. ನಾನು ಇಷ್ಟು ಸಲ ನೋಡಿದರೂ ಇದಕ್ಕಿಂತ ಸರಿಯಾದ ಉತ್ತರ ಸಿಕ್ಕಿಲ್ಲ. ಗಂಡ ಕೆಟ್ಟವನಾಗಿದ್ದರೆ ಕಥೆ ಅಲ್ಲಿಗೇ ಮುಗಿದುಹೋಗುತ್ತಿತ್ತು, ಅಲ್ವಾ?

ಪ್ರಶ್ನೆ: ರಿಕ್ ಕೆಫೆಯಲ್ಲಿ ಪಿಯಾನೋ ನುಡಿಸಿ ಹಾಡುವ ಸ್ಯಾಮ್ ಪಾತ್ರದವರು ನಿಜವಾಗಿ ಪಿಯಾನೋ ನುಡಿಸುತ್ತಿದ್ದರೇ? ಅವನು ಹಾಡುವ ‘ಆ್ಯಸ್ ಟೈಮ್ ಗೋಸ್ ಬೈ’ ಸಿನಿಮಾಗೆಂದೇ ಬರೆದದ್ದೇ?

ಉತ್ತರ: ಎರಡೂ ಅಲ್ಲ. ಸ್ಯಾಮ್ ಪಾತ್ರ ಮಾಡಿದ ಡೂಲಿ ವಿಲ್ಸನ್ ಡ್ರಮ್ ಬಾರಿಸುವವರು. ದನಿ ಅವರದ್ದೇ, ಪಿಯಾನೋ ನುಡಿಸಿದ್ದು ಬೇರೆಯವರು. ಹಾಡು 1931ರದ್ದು. ಸಂಗೀತ ನೀಡಿದ ಮ್ಯಾಕ್ಸ್ ಸ್ಟೈನರ್‌ಗೆ ಅದನ್ನು ತೆಗೆದು ಸ್ವಂತದ್ದು ಹಾಕುವ ಆಸೆಯಿತ್ತು. ಅಷ್ಟರಲ್ಲಿ ಬರ್ಗ್‌ಮನ್ ಮುಂದಿನ ಸಿನಿಮಾಗಾಗಿ ಕೂದಲು ಕತ್ತರಿಸಿಕೊಂಡಿದ್ದರು, ಆ ಹಾಡಿದ್ದ ಅವರ ದೃಶ್ಯಗಳನ್ನು ಮತ್ತೆ ಚಿತ್ರೀಕರಿಸಲು ಆಗಲಿಲ್ಲ. ಆ ಕೂದಲಿಗೆ ನಾವೆಲ್ಲ ಋಣಿಗಳು.

ಪ್ರಶ್ನೆ: ಮತ್ತೊಮ್ಮೆ ನೋಡಬೇಕು ಅಂತಿದ್ದೇನೆ. ಯಾವ ದೃಶ್ಯವನ್ನು ಗಮನ ಕೊಟ್ಟು ನೋಡಲಿ?

ಉತ್ತರ: ಒಂದು ವಯಸ್ಸಾದ ದಂಪತಿ ಬರುತ್ತಾರೆ, ಎರಡು ನಿಮಿಷವೂ ಇಲ್ಲ. ಅಮೆರಿಕಕ್ಕೆ ಹೋಗುವ ಅನುಮತಿ ಸಿಕ್ಕಿದೆ. ಇನ್ನು ಮೇಲೆ ಇಂಗ್ಲಿಷೇ ಮಾತಾಡುವುದು ಅಂತ ತೀರ್ಮಾನಿಸಿದ್ದಾರೆ. ಗಂಟೆ ಎಷ್ಟು ಅಂತ ಗಂಡ ಕೇಳಬೇಕು. ಜರ್ಮನ್ ಮಾತನ್ನೇ ಒಂದೊಂದು ಪದವಾಗಿ ಇಂಗ್ಲಿಷಿಗೆ ತಿರುಗಿಸಿ ಕೇಳುತ್ತಾನೆ. ಹೆಂಡತಿಯೂ ಅಷ್ಟೇ ತಪ್ಪಾಗಿ ಹತ್ತು ಅನ್ನುತ್ತಾಳೆ. ಇಬ್ಬರ ಮುಖದಲ್ಲೂ ಪರೀಕ್ಷೆ ಪಾಸಾದ ಖುಷಿ. ಕೆಫೆಯ ಕಾರ್ಲ್ ತಿದ್ದಲು ಹೋಗುವುದಿಲ್ಲ. ಅಮೆರಿಕದಲ್ಲಿ ನಿಮಗೇನೂ ತೊಂದರೆ ಆಗುವುದಿಲ್ಲ ಅನ್ನುತ್ತಾನೆ.

ನೋಡಿದವರು ನಗುತ್ತಾರೆ, ನಾನೂ ನಕ್ಕಿದ್ದೆ. ಆ ಮೇಜಿನ ಮೂವರೂ, ಲುಡ್ವಿಗ್ ಸ್ಟೋಸೆಲ್, ಇಲ್ಕಾ ಗ್ರೂನಿಂಗ್, ಎಸ್. ಝಡ್. ಸಕಾಲ್, ಹಿಟ್ಲರನಿಂದಾಗಿ ಮನೆ, ಭಾಷೆ, ರಂಗಭೂಮಿ ಎಲ್ಲ ಬಿಟ್ಟು ಬಂದವರು. ಅಮೆರಿಕದ ಹೆಸರು ಹೇಳಿ ಅವರು ಬ್ರಾಂದಿ ಲೋಟ ಎತ್ತುತ್ತಾರೆ. ಆಗ ಅವರ ಕಣ್ಣು ನೋಡಿ.