ನೈರೋಬಿಗೆ ಬರಲಿರುವ ಫಾರ್ಮಸಿಸ್ಟರಿಗೆ

ಆತ್ಮೀಯರೇ,

ಮನೆ ಬಾಡಿಗೆ, ಮಕ್ಕಳ ಶಾಲೆಗಳ ವಿಚಾರದ ಜೊತೆಗೆ ನೀವು ಕೇಳಿದ ಇನ್ನೊಂದು ಪ್ರಶ್ನೆ, ಆಫ್ರಿಕನ್ನರಿಗೆ ಕೊಡುವ ಔಷಧದ ಪ್ರಮಾಣ ನಮ್ಮವರದಕ್ಕಿಂತ ಬೇರೆಯೇ ಎಂಬುದು. ಬಾಡಿಗೆ, ಶಾಲೆಗಳ ಮಾತನ್ನು ನೀವು ಬಂದ ಮೇಲೆ ಆಡೋಣ. ಔಷಧದ ಬಗ್ಗೆ ಹೇಳುವುದಾದರೆ, ತೊಡಕಿರುವುದು 'ಆಫ್ರಿಕನ್ನರು' ಎಂಬ ಆ ಪದದಲ್ಲಿಯೇ.

ಎಚ್‌ಐವಿಗೆ ಕೊಡುವ ಅಬಾಕವಿರ್‌ನಿಂದ ತೀವ್ರ ಅಲರ್ಜಿಗೆ ದಾರಿಮಾಡುವ ಎಚ್‌ಎಲ್‌ಎ-ಬಿ*57:01 ಎಂಬ ಜೀನ್ ರೂಪವು ನೈಜೀರಿಯದ ಯೊರುಬಾ ಜನರ ಮಾದರಿಯಲ್ಲಿ ಕಂಡುಬರಲಿಲ್ಲ. ಕೆನ್ಯಾದ ಲುಹ್ಯಾ ಜನರಲ್ಲಿ ಶೇ. 3.3, ಅದೇ ಕೆನ್ಯಾದ ಮಸಾಯಿಗಳಲ್ಲಿ ಶೇ. 13.6ರಷ್ಟಿತ್ತು. ಇದು ರೋಗನಿರೋಧಕ ವ್ಯವಸ್ಥೆಗೆ ಸೇರಿದ್ದು ನಿಜ, ಆದರೆ ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳ ಕಥೆಯೂ ಹೀಗೆಯೇ ಇದೆ. ನೋವಿಗೆ ಕೊಡುವ ಕೊಡೀನನ್ನು ಮಾರ್ಫೀನಾಗಿ ಬದಲಿಸುವ ಸಿವೈಪಿ2ಡಿ6 ಜೀನಿನ ಹೆಚ್ಚುವರಿ ಪ್ರತಿಗಳು 1996ರ ಅಧ್ಯಯನವೊಂದರಲ್ಲಿ ಶೇ. 29ರಷ್ಟು ಇಥಿಯೋಪಿಯನ್ನರಲ್ಲಿ ಕಂಡುಬಂದವು. ಜಿಂಬಾಬ್ವೆಯಲ್ಲಾದರೋ ಅದೇ ಜೀನಿನ ಮಂದಗತಿಯ ರೂಪವೇ ಸಾಮಾನ್ಯ.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ. ಹಲವು ವರ್ಷಗಳ ಹಿಂದೆ, ನಾನಿದ್ದ ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಗೆ ಲಾರಿ ಚಾಲಕರೊಬ್ಬರು ಅರ್ಧಕ್ಕಿಂತ ಹೆಚ್ಚು ತುಂಬಿದ್ದ ಮಾತ್ರೆಯ ಡಬ್ಬಿಯನ್ನು ಮರಳಿ ತಂದು, ತಲೆಯ ಸುತ್ತ ಬೆರಳಾಡಿಸುತ್ತ, 'ಕಿಝುಂಗುಝುಂಗು' ಎಂದರು. ಸ್ವಾಹಿಲಿಯಲ್ಲಿ ಅದು ತಲೆಸುತ್ತು. ಡಬ್ಬಿಯ ಮೇಲೆ ಭಾರತದಲ್ಲಿ ತಯಾರಾದದ್ದೆಂದು ಅಚ್ಚಾಗಿತ್ತು. ಒಳಗಿದ್ದದ್ದು ಎಚ್‌ಐವಿಯ ಇನ್ನೊಂದು ಔಷಧವಾದ ಎಫವಿರೆಂಜ್ 600 ಮಿಲಿಗ್ರಾಂ ಸೇರಿದ ಮಾತ್ರೆ. ರಾತ್ರಿ ಮಲಗುವ ಮುನ್ನ ನುಂಗಿ, ಅಭ್ಯಾಸವಾಗುತ್ತದೆ ಎಂದು ಅವರಿಗೆ ಹಿಂದಿನ ಸಲ ಹೇಳಿ ಕಳಿಸಿದವನು ನಾನೇ. ಕೆಟ್ಟ ಕನಸುಗಳಿಂದ ನಿದ್ದೆಗೆಟ್ಟು ಅವರು ಮಾತ್ರೆಯನ್ನೇ ಬಿಟ್ಟಿದ್ದರು. ಈ ಔಷಧವನ್ನು ಒಡೆಯುವ ಸಿವೈಪಿ2ಬಿ6 ಕಿಣ್ವದ ನಿಧಾನಗತಿಯ ರೂಪವು ಆಫ್ರಿಕಾದ ಅನೇಕ ಸಮುದಾಯಗಳಲ್ಲಿ ಹೆಚ್ಚಾಗಿರುವುದರಿಂದ, ಅಂಥವರ ರಕ್ತದಲ್ಲಿ ಔಷಧ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಉಳಿಯುತ್ತದೆ. ಕಡಿಮೆ ಪ್ರಮಾಣವೇ ಸಾಕೆಂದು ಜಿಂಬಾಬ್ವೆಯ ರಾಜಧಾನಿ ಹರಾರೆಯ ವಿಜ್ಞಾನಿ ಕೊಲೆನ್ ಮಸಿಮಿರೆಂಬ್ವ ಮೊದಲೇ ಎಚ್ಚರಿಸಿದ್ದರೂ, 2015ರಲ್ಲಿ ಆ ದೇಶ 600 ಮಿಲಿಗ್ರಾಮನ್ನೇ ಎಲ್ಲರಿಗೂ ಕೊಡತೊಡಗಿ ಇದೇ ದೂರುಗಳನ್ನು ಕೇಳಬೇಕಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡೊಲುಟೆಗ್ರಾವಿರ್ ಎಂಬ ಬೇರೆ ಎಚ್‌ಐವಿ ಔಷಧವನ್ನು ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿದ ಬಳಿಕ ಎಫವಿರೆಂಜ್ ಹಿಂದೆ ಸರಿದಿದೆ.

ಹಾಗೆಂದು ಕಿಟಕಿಯಾಚೆ ನಿಂತವರ ಕುಲ ಕೇಳಿ ಪ್ರಮಾಣ ಊಹಿಸಲು ಹೋಗಬೇಡಿ. ಕೆನ್ಯಾದಲ್ಲಿ 2007ರ ಚುನಾವಣೆಯ ನಂತರ ಕುಲಗಳ ನಡುವೆ ನಡೆದ ಹಿಂಸಾಚಾರವನ್ನು ಕಂಡವರಿಗೆ ಆ ಪ್ರಶ್ನೆಯೇ ನೋವಿನದು. ಅಲ್ಲದೆ ಮಸಾಯಿಗಳಲ್ಲೂ ಬಹುಪಾಲು ಜನರಲ್ಲಿ ಅಬಾಕವಿರ್ ಅಲರ್ಜಿಯ ಆ ಜೀನ್ ರೂಪವಿಲ್ಲ. ಜೀನ್ ಪರೀಕ್ಷೆ ದೊರೆಯುವಲ್ಲಿ ವೈದ್ಯರಿಗೆ ಸೂಚಿಸಿ. ದೊರೆಯದಿದ್ದರೆ, ಹೊಸ ಔಷಧ ಒಯ್ದವರು ಎರಡನೆಯ ಸಲ ಬಂದಾಗ, ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸುತ್ತಲೇ 'ಉಮೆಲಾಲಾಜೆ', ಅಂದರೆ ನಿದ್ದೆ ಹೇಗೆ ಬಂತು, ಎಂದು ಕೇಳಿ.