ಎರಡು ಇಂಚು ಎತ್ತರಿಸಿದ ಜಿಪ್ಸಿಗೆ ಎಷ್ಟು ಉದ್ದದ ಶಾಕ್ ಹಾಕಬೇಕು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಸಿಂಧನೂರಿನಲ್ಲಿ ಮಾರುತಿ ಜಿಪ್ಸಿ ಇದೆ. ಹೊಸ ಲೀಫ್ ಸ್ಪ್ರಿಂಗ್ ಹಾಕಿಸಿ 2 ಇಂಚು ಎತ್ತರಿಸಿದ್ದೀರಿ. ಈಗ ಗುಂಡಿಗೆ ಚಕ್ರ ಇಳಿದಾಗೆಲ್ಲ ಹಳೆ ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಟಕ್ ಅಂತ ಹೊಡೆಯುತ್ತೆ. ಅಂಗಡಿಯವರು "2 ಇಂಚು ಉದ್ದದ್ದು ಹಾಕಿ, ಸರಿಹೋಗುತ್ತೆ" ಅಂತಾರೆ. ಹಾಕಬಹುದಾ?

ಅಳತೆ ಮಾಡದೆ ಹಾಕಬೇಡಿ. ಇದೇ ಮಾತು ನಂಬಿ ನಾನು ಒಂದು ಜೊತೆ ಹೊಸ ಶಾಕ್ ಕಳೆದುಕೊಂಡಿದ್ದೇನೆ.

ನಮ್ಮದು ಗಂಗಾವತಿ ಹತ್ತಿರ. ಎಡದಂಡೆ ಕಾಲುವೆ ಪಕ್ಕದಲ್ಲೇ ಗದ್ದೆ. ಕೊಯ್ಲಿನ ಹೊತ್ತಿಗೆ ಟ್ರ್ಯಾಕ್ಟರ್ ಓಡಾಡಿದ ಜಾಡು ಎರೆಮಣ್ಣಲ್ಲಿ ಒಣಗಿ ಕಲ್ಲಿನ ಹಾಗೆ ಆಗಿರುತ್ತೆ, ನಿಮಗೂ ಗೊತ್ತಿರುತ್ತೆ. ಹಿಂದೆ ಐದಾರು ಭತ್ತದ ಚೀಲ ಹೇರಿಕೊಂಡು ಬರ್ತಿದ್ದೆ. ಎಡಗಡೆ ಹಿಂದಿನ ಚಕ್ರ ಜಾಡಿನ ದಿಬ್ಬ ಹತ್ತಿತು, ಬಲಗಡೆಯದ್ದು ಒಳಗೆ ಇಳಿಯಿತು. ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಸದ್ದು ಕೇಳಿಸಿತು. ಗಾಡಿ ಹೇಗೋ ಮನೆ ಮುಟ್ಟಿತು. ಮರುದಿನ ಮೇಸ್ತ್ರಿ ಕೆಳಗೆ ಮಲಗಿ ನೋಡಿದ. ಶಾಕ್ ಮೈಯೆಲ್ಲ ಎಣ್ಣೆ, ಅದರ ಮೇಲೆ ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಶಾಕನ್ನು ಕೆಳಗೆ ಹಿಡಿದಿರುವ ಪಿನ್ ಬಗ್ಗಿತ್ತು. ಆಮೇಲೆ ಅವನು ತೋರಿಸಿದ್ದನ್ನು ನಾನು ಮರೆಯಲ್ಲ: "ಅಣ್ಣಾ, ಬಂಪ್ ಸ್ಟಾಪ್ ರಬ್ಬರ್ ನೋಡ್ರಿ, ಮ್ಯಾಲಿನ ಧೂಳು ಸೈತ ಅಳಿಸಿಲ್ಲ." ಹೌಸಿಂಗ್, ಅಂದರೆ ಎರಡು ಚಕ್ರ ಜೋಡಿಸುವ ಆಕ್ಸಲ್ ಕೊಳವೆ, ಮೇಲೆ ಬಂದಾಗ ಪೆಟ್ಟು ತಿನ್ನಬೇಕಾಗಿದ್ದು ಆ ರಬ್ಬರ್. ಅದಕ್ಕೆ ಏನೂ ತಾಗಿರಲಿಲ್ಲ. ಪೆಟ್ಟೆಲ್ಲ ಶಾಕ್ ತಿಂದಿತ್ತು.

ಯಾಕೆ ಹೀಗಾಯ್ತು ಅಂದ್ರೆ, ಶಾಕ್‌ಗೆ ಒಂದೇ ಉದ್ದ ಇರಲ್ಲ. ಪೂರ್ತಿ ಎಳೆದಾಗ ಒಂದು, ಪೂರ್ತಿ ಒತ್ತಿದಾಗ ಇನ್ನೊಂದು. ಎತ್ತರಿಸಿದ ಮೇಲೆ ನಾವೆಲ್ಲ ಎಳೆದ ಉದ್ದ ಮಾತ್ರ ಯೋಚನೆ ಮಾಡ್ತೀವಿ. ಆದರೆ ಸ್ಪ್ರಿಂಗ್ ಬದಲಿಸಿದರೆ ಚಾಸಿಯಲ್ಲಿರುವ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಬಂಪ್ ಸ್ಟಾಪ್ ಜಾಗ ಬದಲಾಗಲ್ಲ. ಹೌಸಿಂಗ್ ಮೊದಲು ಎಲ್ಲಿವರೆಗೆ ಮೇಲೆ ಬರ್ತಿತ್ತೋ ಈಗಲೂ ಅಲ್ಲಿವರೆಗೆ ಬರಬಹುದು. ಅಂದರೆ ಒತ್ತಿದ ಉದ್ದ ಹೆಚ್ಚುಕಮ್ಮಿ ಹಳೆ ಶಾಕಿನಷ್ಟೇ ಇರಬೇಕು.

ಆದರೆ ಅಂಥ ಶಾಕ್ ಸಿಗೋದು ಕಷ್ಟ. ರಾಡ್ ಪೂರ್ತಿ ಒಳಗೆ ಹೋಗಬೇಕಾದರೆ ಅಷ್ಟು ಉದ್ದದ ಟ್ಯೂಬ್ ಬೇಕಲ್ಲ? ಲೆಕ್ಕಕ್ಕೆ ಒಂದು ಉದಾಹರಣೆ ಕೊಡ್ತೀನಿ. ಈ ಅಂಕಿ ನಿಮ್ಮ ಗಾಡಿಯದ್ದಲ್ಲ, ಅರ್ಥ ಆಗಲಿ ಅಂತ ಅಷ್ಟೇ. ಹಳೆ ಶಾಕ್ ಒತ್ತಿದಾಗ 12 ಇಂಚು, ಎಳೆದಾಗ 19. ಓಡಾಟ 7 ಇಂಚು. ಒತ್ತಿದ 12ರಲ್ಲಿ ಮಿಕ್ಕ 5 ಇಂಚು ಬುಶ್ (ತುದಿಯ ರಬ್ಬರ್ ಬಳೆ), ಸೀಲ್, ಪಿಸ್ಟನ್, ಬುಡಕ್ಕೆ ಹೋಗುತ್ತೆ. ಅದು ಕಮ್ಮಿಯಾಗಲ್ಲ. ಈಗ ಎಳೆದಾಗ 21 ಇಂಚು ಬರುವ ಶಾಕ್ ತಂದಿರಿ ಅಂತಿಟ್ಟುಕೊಳ್ಳಿ. ಎಳೆದಾಗ ಓಡಾಟ ಎರಡು ಸಲ ಲೆಕ್ಕಕ್ಕೆ ಬರುತ್ತೆ, ಟ್ಯೂಬಿನಲ್ಲಿ ಒಮ್ಮೆ, ಹೊರಗೆ ಬಂದ ರಾಡಿನಲ್ಲಿ ಒಮ್ಮೆ. ಅದಕ್ಕೆ ಅದೇ 5 ಇಂಚು ಕಳೆದು ಅರ್ಧ ಮಾಡಿ: ಓಡಾಟ 8, ಒತ್ತಿದ ಉದ್ದ 13. ನೀವು ಕೇಳಿದ್ದು 2 ಇಂಚು ಉದ್ದ. ಅದರ ಜೊತೆಗೆ ಒತ್ತಿದ ಉದ್ದವೂ 1 ಇಂಚು ಜಾಸ್ತಿಯಾಯ್ತು. ರಬ್ಬರ್ ಪೂರ್ತಿ ಅಮುಕಿದಾಗ ಮೇಲಿನ ಪಿನ್ನಿಗೂ ಕೆಳಗಿನ ಪಿನ್ನಿಗೂ ನಡುವೆ ಇರೋ ಜಾಗ 12.75 ಇಂಚು ಅಂದ್ರೆ, 13 ಇಂಚಿನ ಶಾಕ್ ಅಲ್ಲಿ ಹಿಡಿಯಲ್ಲ. ನನ್ನ ಗಾಡಿಯಲ್ಲಂತೂ ರಬ್ಬರ್ ತಾಗೋಕೆ ಮೊದಲೇ ಶಾಕ್ ಪೂರ್ತಿ ಒತ್ತಿಹೋಗಿತ್ತು.

ಅಳತೆ ಹೀಗೆ ಮಾಡಿ. ಸಮತಟ್ಟಾದ ಜಾಗ ನೋಡಿಕೊಳ್ಳಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಗಾಡಿ ಸುಮ್ನೆ ನಿಂತಿರುವಾಗ ಒಮ್ಮೆ ಪಿನ್ನಿನಿಂದ ಪಿನ್ನಿಗೆ ಅಳೆದು ಬರೆದಿಡಿ. ಆಮೇಲೆ ಹಿಂದಿನ ಎರಡೂ ಶಾಕ್ ಬಿಚ್ಚಿ. ಚಾಸಿಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ದಯವಿಟ್ಟು. ಹೌಸಿಂಗ್ ಜೋತು ಬೀಳಲಿ. ಬೀಳುವಾಗ ಬ್ರೇಕ್ ಹೋಸ್ ಮೇಲೆ ಕಣ್ಣಿರಲಿ. ಅದು ಬಿಗಿಯಾದರೆ ಅಲ್ಲೇ ನಿಲ್ಲಿಸಿ, ಮೊದಲು ಉದ್ದದ ಹೋಸ್ ಹಾಕಿಸಿ. ಪೂರ್ತಿ ಜೋತಾಗ ಎರಡನೇ ಅಳತೆ.

ಮೂರನೆಯದಕ್ಕೆ ಸ್ವಲ್ಪ ಮೈಮುರಿಯಬೇಕು. ಗಾಡಿ ಇಳಿಸಿ, ಹಿಂದೆ ಚೀಲ ಹೇರಿ, ಒಂದು ಚಕ್ರದ ಕೆಳಗೆ ಗಟ್ಟಿ ಹಲಗೆ ಒಂದರ ಮೇಲೊಂದು ಕೊಡ್ತಾ ಹೋಗಿ. ಆ ಕಡೆಯ ಬಂಪ್ ಸ್ಟಾಪ್ ಹೌಸಿಂಗಿಗೆ ತಾಗಿ ಅಮುಕಬೇಕು. ಬರೀ ತಾಗಿದರೆ ಸಾಲದು. ಓಡುವಾಗ ಆ ರಬ್ಬರ್ ಚೆನ್ನಾಗಿ ಚಪ್ಪಟೆಯಾಗುತ್ತೆ. ಎರಡೂ ಚಕ್ರ ಒಟ್ಟಿಗೆ ಎತ್ತಿ ಅಳೆದರೆ ಮೋಸ ಹೋಗ್ತೀರಿ. ಜಿಪ್ಸಿ ಹೌಸಿಂಗ್ ಒಂದೇ ತುಂಡು, ಒಂದು ಕಡೆ ಎದ್ದಾಗ ವಾರೆಯಾಗುತ್ತೆ. ಶಾಕ್ ಪಿನ್ ಬಂಪ್ ಸ್ಟಾಪಿಗಿಂತ ಚಕ್ರದ ಕಡೆ ಇದ್ದರೆ, ಆಗ ಶಾಕ್ ಇನ್ನೂ ಜಾಸ್ತಿ ಒತ್ತುತ್ತೆ. ಟೇಪು ಒಳಗೆ ಬಗ್ಗುತ್ತೆ ಅಂತ ನಾನು ಎರಡು ಬಿದಿರು ಕಡ್ಡಿ ಒಂದರ ಪಕ್ಕ ಒಂದು ಹಿಡಿದು ಜಾರಿಸಿದೆ. ಒಂದರ ತುದಿ ಮೇಲಿನ ಪಿನ್ನಿಗೆ, ಇನ್ನೊಂದರದ್ದು ಕೆಳಗಿನದಕ್ಕೆ ತಾಗಿದಾಗ ಚಾಕ್‌ಪೀಸಿನಿಂದ ಗೆರೆ ಎಳೆದು, ಹೊರಗೆ ತಂದು ಅಳೆದೆ.

ಈಗ ಉದಾಹರಣೆಗೆ ವಾಪಸ್ ಬರೋಣ. ಅಮುಕಿದಾಗ 12.75, ಜೋತಾಗ 21, ನಿಂತಾಗ 17.5. ಹಳೆ ಶಾಕ್ 19ಕ್ಕೆ ನಿಲ್ಲುತ್ತೆ. ಅಂದರೆ ಕೆಳಗೆ ಇಳಿಯೋಕೆ ಬರೀ ಒಂದೂವರೆ ಇಂಚು. ನಿಮಗೆ ಕೇಳಿಸ್ತಿರೋ ಟಕ್ ಸದ್ದು ಅದೇ. ಎರಡೂ ತುದಿಗೆ ಅರ್ಧ ಇಂಚು ಬಿಟ್ಟುಕೊಂಡರೆ ಒತ್ತಿದಾಗ 12.25, ಎಳೆದಾಗ 21.5 ಇರುವ ಶಾಕ್ ಬೇಕು. 5 ಇಂಚಿನ ಲೆಕ್ಕದಲ್ಲಿ ಅದು ಆಗಲ್ಲ. ಅದಕ್ಕೆ ಬಂಪ್ ಸ್ಟಾಪನ್ನೇ 1 ಇಂಚು ಕೆಳಗೆ ತನ್ನಿ. ಲೇತ್‌ನಲ್ಲಿ ಒಂದು ಕಬ್ಬಿಣದ ತುಂಡು ಮಾಡಿಸಿ ರಬ್ಬರಿಗೂ ಚಾಸಿಗೂ ನಡುವೆ ಕೊಟ್ಟರೆ ಆಯ್ತು. ಆಗ 13.25 ಮತ್ತು 21.5ರ ಶಾಕ್ ಕೂರುತ್ತೆ. ನಿಂತಾಗ ಮೇಲಕ್ಕೆ 4.25 ಇಂಚು, ಕೆಳಕ್ಕೆ 4 ಇಂಚು, ಹೆಚ್ಚುಕಮ್ಮಿ ನಟ್ಟನಡುವೆ. ಎತ್ತರಿಸಿದ್ದರಲ್ಲಿ 1 ಇಂಚು ಬಂಪ್ ಸ್ಟಾಪ್ ತಿಂದರೂ, ಚಕ್ರ ಮೇಲೆ ಬರೋಕೆ ಮೊದಲಿಗಿಂತ 1 ಇಂಚು ಜಾಸ್ತಿ ಜಾಗ ಉಳಿಯುತ್ತೆ. ನಾನು ಕೊನೆಗೆ ಮಾಡಿದ್ದು ಇದನ್ನೇ. ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂದ್ರೆ ಎಳೆದ ಉದ್ದ ಬಿಡಿ. ಶಾಕ್ ಗಿಡ್ಡವಾದರೆ ಜೋತು ಬೀಳೋದು ಕಮ್ಮಿಯಾಗುತ್ತೆ, ಹೌಸಿಂಗ್ ತೂಕ ಶಾಕ್ ಮೇಲೆ ಬೀಳದ ಹಾಗೆ ಒಂದು ಪಟ್ಟಿ ಕಟ್ಟಬಹುದು. ಒತ್ತಿದ ಉದ್ದ ತಪ್ಪಿದರೆ ಪಿನ್ನೇ ಹೋಗುತ್ತೆ.

ಮೋನೋಟ್ಯೂಬ್ (ಒಂದೇ ಕೊಳವೆಯ) ಗ್ಯಾಸ್ ಶಾಕ್ ತರೋದಾದ್ರೆ ಇನ್ನೂ ಹುಷಾರು. ಗ್ಯಾಸಿಗೆ ಅದೇ ಟ್ಯೂಬಿನಲ್ಲಿ ಬೇರೆ ಜಾಗ ಬೇಕು. ಹಾಗಾಗಿ ಅಷ್ಟೇ ಓಡಾಟಕ್ಕೆ ಒತ್ತಿದ ಉದ್ದ ಸಾಮಾನ್ಯವಾಗಿ ಜಾಸ್ತಿ. ಅಂಗಡಿಯಲ್ಲಿ "ಎಷ್ಟು ಇಂಚು ಲಿಫ್ಟಿಗೆ" ಅಂತ ಕೇಳಬೇಡಿ. "ಒತ್ತಿದಾಗ ಎಷ್ಟು, ಎಳೆದಾಗ ಎಷ್ಟು" ಅಂತ ಕೇಳಿ. ತುದಿ ಎರಡೂ ಬುಶ್ಶಾ, ಇಲ್ಲ ಮೇಲೆ ಥ್ರೆಡ್ ರಾಡಾ ಅಂತಲೂ ನೋಡಿಕೊಳ್ಳಿ. ಬುಶ್ ಆದ್ರೆ ನಡುವಿನಿಂದ ಅಳತೆ, ರಾಡ್ ಆದ್ರೆ ವಾಷರ್ ಕೂರುವ ಮೆಟ್ಟಿಲಿನಿಂದ.

ಬಾಡಿ ಲಿಫ್ಟ್ ಮಾಡಿಸಿದರೂ ಶಾಕ್ ಬದಲಿಸಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಚಾಸಿಗೂ ಬಾಡಿಗೂ ನಡುವೆ ತುಂಡು ಕೊಟ್ಟು ಎತ್ತರಿಸಿದ್ದರೆ ಶಾಕ್ ಮುಟ್ಟಬೇಡಿ. ಶಾಕ್ ಇರೋದು ಚಾಸಿಗೂ ಹೌಸಿಂಗಿಗೂ ನಡುವೆ, ಆ ಅಂತರ ಬದಲಾಗಿಲ್ಲ. ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವ (ಇಂಡಿಪೆಂಡೆಂಟ್ ಸಸ್ಪೆನ್ಷನ್) ಹೊಸ ಥಾರಿನಂಥ ಗಾಡಿಗೂ ಈ ಲೆಕ್ಕ ನೇರವಾಗಿ ಹೊಂದಲ್ಲ. ಅಲ್ಲಿ ಶಾಕ್ ಕೆಳಗಿನ ತೋಳಿನ ನಡುವೆಲ್ಲೋ ಕೂತಿರುತ್ತೆ, ಚಕ್ರ ಏರಿದಷ್ಟು ಅದು ಒತ್ತಲ್ಲ.

ಹಾಕಿದ ಮೇಲೆ ರಾಡ್ ಕಾಣುವ ಶಾಕ್ ಆದ್ರೆ ಅದಕ್ಕೊಂದು ಕೇಬಲ್ ಟೈ ಬಿಗಿದು, ಸೀಲಿನ ಹತ್ತಿರ ಇಡಿ. ಹೊಲದ ಜಾಡಿನಲ್ಲಿ ಚೀಲ ಹೇರಿ ಒಂದು ಸುತ್ತು ಬನ್ನಿ. ಟೈ ಎಲ್ಲಿವರೆಗೆ ಸರಿದಿದೆಯೋ ಅಲ್ಲಿವರೆಗೆ ಟ್ಯೂಬ್ ಬಂದಿದೆ ಅಂತ. ರಾಡಿನ ತುದಿವರೆಗೆ ಸರಿದಿದ್ದರೆ ಬಂಪ್ ಸ್ಟಾಪ್ ಇನ್ನೂ ಕೆಳಗೆ ಬರಬೇಕು. ಅದರ ರಬ್ಬರಿನ ಧೂಳನ್ನೂ ನೋಡಿ, ಅಳಿಸಿರಬೇಕು.

ಮೂರೂ ಅಳತೆ ಮತ್ತು ತುದಿ ಯಾವುದು ಅಂತ ಇಲ್ಲೇ ಬರೆಯಿರಿ. ಮುಂದಿನದ್ದು ಬೇರೆ, ಹಿಂದಿನದ್ದು ಬೇರೆ ಬರೆಯಿರಿ, ಎರಡೂ ಒಂದೇ ಬರಲ್ಲ. ಯಾವ ಉದ್ದ ಕೂರುತ್ತೆ ಅಂತ ಲೆಕ್ಕ ಹಾಕಿ ಹೇಳ್ತೀನಿ.